ಕುಡಿತ ಬಿಟ್ಟ ಪತಿ ಕೆಲಸಕ್ಕೆ ಮರಳಿದಾಗ

ಕುಡಿತದಿಂದ ಉದ್ಯೋಗ ಕಳೆದುಕೊಂಡವರ ಮನೆಗೆ ಬರುವ ಬಂಧುಗಳೂ ಸ್ನೇಹಿತರೂ ಮೊದಲು ಕೇಳುವ ಪ್ರಶ್ನೆ 'ಮತ್ತೆ ಕೆಲಸಕ್ಕೆ ಸೇರಿದರೇ?' ಎಂಬುದು. 'ಕುಡಿಯುವುದನ್ನು ಬಿಟ್ಟರೇ?' ಎಂದು ನೇರವಾಗಿ ಕೇಳಲು ಅವರಿಗೆ ಸಂಕೋಚವಾಗುತ್ತದೆ. ಹೀಗಾಗಿ ಕೇಳಲಾಗದ ಆ ಪ್ರಶ್ನೆಯನ್ನೂ ಕೆಲಸದ ಪ್ರಶ್ನೆಯೊಳಗೇ ಸೇರಿಸಿ ಕೇಳುತ್ತಾರೆ, ಹೌದೆಂಬ ಉತ್ತರ ಸಿಕ್ಕಿದರೆ ಎರಡೂ ಬಗೆಹರಿದವೆಂದು ನೆಮ್ಮದಿಯಿಂದ ಹೊರಡುತ್ತಾರೆ. ಮದ್ಯವ್ಯಸನದಿಂದ ಹೊರಬರುತ್ತಿದ್ದ ಪತಿ ತಮ್ಮ ವೃತ್ತಿಗೆ ಮರಳಿದ ಕಾಲದಲ್ಲಿ ಜೊತೆಗಿದ್ದವಳಾಗಿ ನನಗೆ ಮನವರಿಕೆಯಾಗಿರುವುದು ಇದು: ಕುಡಿತದ ಲೆಕ್ಕ ಬೇರೆ, ಕೆಲಸದ ಲೆಕ್ಕ ಬೇರೆ, ಒಂದರಲ್ಲಿ ಜಮೆಯಾದದ್ದನ್ನು ಇನ್ನೊಂದಕ್ಕೆ ವರ್ಗಾಯಿಸಲು ಬರುವುದಿಲ್ಲ. ಮನೆಯಲ್ಲಿರುವ ಸಂಗಾತಿ ಈ ಎರಡು ಲೆಕ್ಕಗಳನ್ನು ಬೆರೆಸಿದಷ್ಟೂ ಇಬ್ಬರ ಕಷ್ಟವೂ ಹೆಚ್ಚುತ್ತದೆ.

ನನ್ನ ಪತಿ ಕಟ್ಟಡಗಳ ತೊಲೆ, ಕಂಬ, ಅಡಿಪಾಯಗಳ ಲೆಕ್ಕ ಹಾಕುವ ಎಂಜಿನಿಯರ್. ಈ ವೃತ್ತಿಯಲ್ಲಿ ನಕ್ಷೆಯ ಮೂಲೆಯಲ್ಲಿ ಹಾಕುವ ಸಹಿಯೇ ಮನುಷ್ಯನ ಬೆಲೆ. ಆ ಸಹಿ ಇದ್ದರೆ ಅದರ ಕೆಳಗೆ ಜನ ಮಲಗಬಹುದು, ಮಕ್ಕಳು ಓಡಾಡಬಹುದು ಎಂದು ಅರ್ಥ. ಅವರ ಕುಡಿತದಿಂದ ಯಾವ ಕಟ್ಟಡವೂ ಬೀಳಲಿಲ್ಲ. ಬಿದ್ದದ್ದು ಅವರ ಸಹಿಯ ಮೇಲೆ ಇತರರಿಗಿದ್ದ ನಂಬಿಕೆ. ಬೆಳಗಿನ ಸಭೆಗೆ ಬಾರದಿರುವುದು, ಒಪ್ಪಿಸಬೇಕಾದ ದಿನ ಕಳೆದ ಮೇಲೆ ನಕ್ಷೆ ಒಪ್ಪಿಸುವುದು, ಕೊನೆಗೆ ಒಬ್ಬ ಕಿರಿಯ ಎಂಜಿನಿಯರ್ ಅವರ ಲೆಕ್ಕದಲ್ಲಿ ತಪ್ಪು ಹುಡುಕಿ ಯಾರಿಗೂ ಹೇಳದೆ ತಾನೇ ತಿದ್ದಿದ್ದು: ಇಷ್ಟಾದ ಮೇಲೆ ಸಂಸ್ಥೆ ಅವರನ್ನು ಕಳುಹಿಸಿಕೊಟ್ಟಿತು. ಅದನ್ನು ಅನ್ಯಾಯವೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ.

ಬಿಡುವ ಕಾಲದ ಬಗ್ಗೆ ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ತಿಳಿವಳಿಕೆಯ ಕೊರತೆಯಿಂದ ಪ್ರಾಣವೇ ಹೋಗಬಹುದು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು 'ನಾಳೆಯಿಂದ ಮುಟ್ಟುವುದಿಲ್ಲ' ಎಂದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವುದು ಶೌರ್ಯವಾಗಿ ಕಾಣುತ್ತದೆ, ಆದರೆ ಅದು ಅಪಾಯ. ಕೊನೆಯ ಗ್ಲಾಸಿನ ನಂತರ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಡಿಲೀರಿಯಮ್ ಟ್ರೆಮೆನ್ಸ್ ಎಂಬ ಸ್ಥಿತಿ ಬಂದು, ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ ಏರುವುದು ಎಲ್ಲವೂ ಒಟ್ಟಿಗೆ ಆಗುತ್ತವೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಇದು ಮಾರಕವಾಗಬಲ್ಲದು. ಜೊತೆಗೆ, ದೀರ್ಘಕಾಲ ಕುಡಿದವರ ದೇಹದಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಬತ್ತಿರುತ್ತದೆ; ಅದನ್ನು ತುಂಬದಿದ್ದರೆ ಮಿದುಳಿಗೆ ಶಾಶ್ವತವಾದ ಹಾನಿಯಾಗಬಹುದು. ಆದ್ದರಿಂದ ವೈದ್ಯರ ಕಣ್ಣೆದುರಲ್ಲಿ ಬಿಡುವುದೇ ಸರಿ. ಈ ಹಂತ ಬೇಗ ಮುಗಿಯುತ್ತದೆ, ಮನೆಯವರೆಲ್ಲ ಇದನ್ನೇ ದೊಡ್ಡ ಯುದ್ಧವೆಂದು ತಿಳಿದಿರುತ್ತಾರೆ.

ನಿಜವಾದ ಕಷ್ಟ ಆಮೇಲೆ, ಮನುಷ್ಯ ಹೊರನೋಟಕ್ಕೆ ಗುಣವಾಗಿ ಕಂಡಾಗ. ಮುಖದ ಊತ ಇಳಿದು, ಹಸಿವು ಮರಳಿ, ಮಾತು ಸ್ಪಷ್ಟವಾದ ಕೂಡಲೇ 'ಇನ್ನೇನು ಕೆಲಸ ಹುಡುಕಬಹುದಲ್ಲ' ಎಂಬ ಮಾತು ಎಲ್ಲ ಕಡೆಯಿಂದ ಬರುತ್ತದೆ. ಆದರೆ ನಿದ್ರೆ ಸರಿಹೋಗಲು ತಿಂಗಳುಗಳೇ ಬೇಕಾಗುತ್ತವೆ, ಗಮನ ನಿಲ್ಲಿಸುವ ಮತ್ತು ಮುಂದಾಲೋಚನೆ ಮಾಡುವ ಶಕ್ತಿ ಇನ್ನೂ ನಿಧಾನವಾಗಿ ಮರಳುತ್ತದೆ. ಈ ಚೇತರಿಕೆ ಒಂದು ವರ್ಷದವರೆಗೂ ಮುಂದುವರಿಯುವುದುಂಟು ಎಂದು ನಮ್ಮ ಮನೋವೈದ್ಯರು ಮೊದಲೇ ತಿಳಿಸಿದ್ದರು. ನನ್ನ ಪತಿಗೆ ಆ ದಿನಗಳಲ್ಲಿ ಸಣ್ಣ ಲೆಕ್ಕವೊಂದನ್ನು ಎರಡೆರಡು ಸಲ ಮಾಡಬೇಕಾಗುತ್ತಿತ್ತು, ಅದಕ್ಕೆ ಅವರು ಪಡುತ್ತಿದ್ದ ನಾಚಿಕೆ ಕುಡಿತಕ್ಕೆ ಪಟ್ಟ ನಾಚಿಕೆಗಿಂತ ಹೆಚ್ಚಿನದಾಗಿತ್ತು. ಅವರು ತಮ್ಮ ಹಳೆಯ ಪಠ್ಯಪುಸ್ತಕಗಳನ್ನು ತೆಗೆದು, ವಿದ್ಯಾರ್ಥಿಯಂತೆ ತೊಲೆಯ ಬಾಗುವಿಕೆಯ ಲೆಕ್ಕಗಳನ್ನು ಮೊದಲಿನಿಂದ ಬಿಡಿಸತೊಡಗಿದರು. ನಾನು ಅದನ್ನು ಹೊಗಳಲಿಲ್ಲ, ಟೀಕಿಸಲೂ ಇಲ್ಲ. ಅದು ಅವರ ಮತ್ತು ಅವರ ವಿದ್ಯೆಯ ನಡುವಿನ ವಿಷಯವಾಗಿತ್ತು.

ಎರಡು ಲೆಕ್ಕಗಳು ಬೇರೆಬೇರೆ ಎಂಬುದಕ್ಕೆ, ಕುಡಿತ ಬಿಡಲು ಕುಡುಕರೇ ಪರಸ್ಪರ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸಂಘದ ಆರಂಭದ ಕಥೆಗಿಂತ ದೊಡ್ಡ ಸಾಕ್ಷಿ ನನಗೆ ಕಂಡಿಲ್ಲ. ಅದರ ಸಂಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರು ವ್ಯವಹಾರದಲ್ಲಿ ಹೆಸರು ಮಾಡಿ, ಕುಡಿತದಿಂದ ಅದನ್ನು ಕೆಡಿಸಿಕೊಂಡವರು. 1934ರ ಡಿಸೆಂಬರಿನಲ್ಲಿ ಅವರು ಕುಡಿತ ಬಿಟ್ಟರು. ಮರುವರ್ಷದ ಮೇ ತಿಂಗಳಲ್ಲಿ, ಒಂದು ಕಂಪನಿಯ ಆಡಳಿತವನ್ನು ಕೈಗೆ ತೆಗೆದುಕೊಳ್ಳುವ ವ್ಯವಹಾರಕ್ಕಾಗಿ ಓಹಾಯೋದ ಆಕ್ರನ್ ಪಟ್ಟಣಕ್ಕೆ ಹೋದರು. ಗೆದ್ದರೆ ವೃತ್ತಿ ಮರಳಿ ಸಿಗುತ್ತಿತ್ತು. ಗೆಲ್ಲಲಿಲ್ಲ. ಕೈಯಲ್ಲಿ ಹಣವಿಲ್ಲದೆ ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದಾಗ ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಟೆಲಿಫೋನ್ ಇದ್ದವು. ಅವರು ಫೋನನ್ನು ಆರಿಸಿಕೊಂಡು, ತನ್ನಂತೆಯೇ ನರಳುತ್ತಿರುವ ಇನ್ನೊಬ್ಬ ಕುಡುಕನನ್ನು ಹುಡುಕಿ ಕರೆಮಾಡಿದರು. ಹಾಗೆ ಸಿಕ್ಕವರು ಶಸ್ತ್ರವೈದ್ಯರಾದ ಡಾ. ಬಾಬ್ ಸ್ಮಿತ್. ವ್ಯವಹಾರ ಕೈಕೊಟ್ಟ ಕಾಲದಲ್ಲಿಯೇ ಕುಡಿತದ ವಿರುದ್ಧದ ಕೆಲಸ ಗಟ್ಟಿಯಾಯಿತು.

ಈ ಕಥೆಯ ಮುಂದಿನ ಭಾಗವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ, ಆದರೆ ನನಗೆ ಬೇಕಾದದ್ದು ಅದೇ. ಬಿಲ್ ಅವರನ್ನು ಭೇಟಿಯಾದ ಮೇಲೆ ಡಾ. ಬಾಬ್ ಕೂಡ ಕುಡಿತ ಬಿಟ್ಟಿದ್ದರು. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನವೊಂದಕ್ಕೆ ಅಟ್ಲಾಂಟಿಕ್ ಸಿಟಿಗೆ ಹೊರಟರು, ದಾರಿಯಲ್ಲೇ ಕುಡಿತ ಶುರುವಾಯಿತು, ಮರಳಿದಾಗ ಮೈಮೇಲೆ ಪ್ರಜ್ಞೆ ಇರಲಿಲ್ಲ. ವೃತ್ತಿಯ ಸಲುವಾಗಿ ಕೈಗೊಂಡ ಪ್ರಯಾಣವೇ ಅವರನ್ನು ಬೀಳಿಸಿತು. ಆಮೇಲೆ ಒಂದು ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ಕೈ ನಡುಗದಿರಲೆಂದು ಒಂದು ಬಿಯರ್ ಕುಡಿದರು. ಅದೇ ಅವರ ಕೊನೆಯ ಕುಡಿತ. ಆ ದಿನವನ್ನು 1935ರ ಜೂನ್ 10 ಎಂದು ಗುರುತಿಸಿ, ಸಂಘ ತನ್ನ ಸ್ಥಾಪನಾ ದಿನವೆಂದು ಪರಿಗಣಿಸುತ್ತದೆ. ಇತ್ತ ಬಿಲ್ ಅವರ ಕಥೆ ನೋಡಿದರೆ, ಕುಡಿತ ಬಿಟ್ಟು ನಾಲ್ಕು ವರ್ಷ ಕಳೆದ ಮೇಲೆ, 1939ರಲ್ಲಿ, ಅವರೂ ಅವರ ಪತ್ನಿ ಲೋಯಿಸ್ ಅವರೂ ಮನೆಯನ್ನೇ ಕಳೆದುಕೊಂಡು, ಎರಡು ವರ್ಷ ಅವರಿವರ ಮನೆಗಳಲ್ಲಿ ತಂಗಬೇಕಾಯಿತು. ಸಂಪಾದನೆಯನ್ನಷ್ಟೇ ನೋಡಿದ್ದ ಹೆಂಡತಿಯಾಗಿದ್ದರೆ ಆಗ ಏನೆನ್ನುತ್ತಿದ್ದಳು? 'ಕುಡಿತ ಬಿಟ್ಟು ಸಾಧಿಸಿದ್ದೇನು' ಎನ್ನುತ್ತಿದ್ದಳು.

ನನ್ನ ಪತಿಗೆ ಕೆಲಸ ಸಿಕ್ಕಾಗ ಅದು ಮೊದಲಿಗಿಂತ ಎರಡು ಮೆಟ್ಟಿಲು ಕೆಳಗಿನ ಹುದ್ದೆಯಾಗಿತ್ತು. ಇತರರು ಹಾಕಿದ ಲೆಕ್ಕಗಳನ್ನು ಮರುಪರಿಶೀಲಿಸುವುದು, ಸಹಿ ಮಾಡುವ ಅಧಿಕಾರವಿಲ್ಲ, ಮೇಲಧಿಕಾರಿ ಒಂದು ಕಾಲದಲ್ಲಿ ಅವರ ಬಳಿಯೇ ಕೆಲಸ ಕಲಿತವರು. 'ಇಂಥದ್ದಕ್ಕೆ ಒಪ್ಪಿಕೊಳ್ಳಬೇಡಿ, ನಿಮ್ಮ ಅನುಭವವೇನು, ಈ ಹುದ್ದೆಯೇನು' ಎಂದು ಸ್ನೇಹಿತರೊಬ್ಬರು ಕೋಪಗೊಂಡರು. ಆ ಕೋಪದಲ್ಲಿ ಪ್ರೀತಿ ಇತ್ತೆಂಬುದು ನಿಜ, ಆದರೆ ಕುಡಿತದಿಂದ ಹೊರಬರುತ್ತಿರುವವರ ಮುಂದೆ 'ನಿಮ್ಮ ಯೋಗ್ಯತೆಗೆ ಇದು ಕಡಿಮೆ' ಎನ್ನುವುದು ಅತ್ಯಂತ ಅಪಾಯದ ಮಾತು. ಅವರೊಳಗೆ ಆ ಮಾತು ಹೇಗೂ ದಿನವೆಲ್ಲ ನಡೆಯುತ್ತಿರುತ್ತದೆ. ಅದಕ್ಕೆ ಹೊರಗಿನಿಂದ ಸಾಕ್ಷಿ ಸಿಕ್ಕಿದರೆ ಮುಂದಿನ ಹೆಜ್ಜೆ ಎತ್ತ ಎಂಬುದು ಕುಡಿತದ ಮನೆಯಲ್ಲಿ ಬಾಳಿದವರಿಗೆಲ್ಲ ಗೊತ್ತು. ನನ್ನ ಮಟ್ಟಿಗೆ ಆ ಕೆಲಸದ ದೊಡ್ಡ ಗುಣವೇ ಅದು ಸಣ್ಣದಾಗಿದ್ದದ್ದು. ಸಂಜೆ ಸಮಯಕ್ಕೆ ಮುಗಿಯುತ್ತಿತ್ತು, ತಪ್ಪಾದರೆ ತಿದ್ದಲು ಇನ್ನೊಬ್ಬರಿದ್ದರು, ಚಿಕಿತ್ಸೆಯ ಭೇಟಿಗಳಿಗೆ ಬಿಡುವು ಸಿಗುತ್ತಿತ್ತು.

ಕಚೇರಿಯಲ್ಲಿ ವಿಷಯ ಹೇಳಬೇಕೇ, ಬೇಡವೇ ಎಂಬ ಪ್ರಶ್ನೆ ಬಂದಾಗ ನಾವಿಬ್ಬರೂ ಬೇರೆಬೇರೆ ಅಭಿಪ್ರಾಯದವರಾಗಿದ್ದೆವು. ಯಾರಿಗೂ ಹೇಳುವುದು ಬೇಡ ಎಂಬುದು ನನ್ನ ಅನಿಸಿಕೆ. ಒಬ್ಬರಿಗಾದರೂ ಗೊತ್ತಿರಬೇಕು, ಗುಟ್ಟು ಕಾಯುವುದಕ್ಕೆ ಖರ್ಚಾಗುವ ಶಕ್ತಿ ತನ್ನಲ್ಲಿ ಉಳಿದಿಲ್ಲ ಎಂಬುದು ಅವರದು. ಅವರ ವೃತ್ತಿ, ಅವರ ರೋಗ, ಆದ್ದರಿಂದ ತೀರ್ಮಾನವೂ ಅವರದೇ ಆಯಿತು. ಮೇಲಧಿಕಾರಿಗೆ ಮಾತ್ರ ಹೇಳಿದರು. ಎಲ್ಲ ಉದ್ಯೋಗಗಳಲ್ಲೂ ಇದು ಸುರಕ್ಷಿತವೆಂದು ನಾನು ಹೇಳಲಾರೆ. ಹೇಳಿಕೊಂಡವರನ್ನು ಅನುಮಾನದಿಂದ ನೋಡುವ ಕಚೇರಿಗಳಿವೆ, ಹೇಳುವ ಮೊದಲು ಅಲ್ಲಿನ ನಿಯಮ ಮತ್ತು ಅಲ್ಲಿನ ಮನುಷ್ಯರು ಎರಡನ್ನೂ ಅಳೆಯಬೇಕಾಗುತ್ತದೆ.

ಅವರು ಕೆಲಸಕ್ಕೆ ಸೇರುವ ಹಿಂದಿನ ರಾತ್ರಿ ನಾನು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸಿದೆ. 'ನಿಮ್ಮ ಕಚೇರಿಗೆ ನಾನು ಎಂದಿಗೂ ಫೋನ್ ಮಾಡುವುದಿಲ್ಲ. ಹುಷಾರಿಲ್ಲವೆಂದು ಹೇಳಬೇಕಾದರೆ ನೀವೇ ಹೇಳಿ. ತಡವಾದರೆ ಕಾರಣವನ್ನೂ ನೀವೇ ಕೊಡಿ.' ಕುಡುಕರ ಮನೆಯ ಹೆಂಗಸರು ಗಂಡನ ಪರವಾಗಿ ಹೇಳುವ ಸುಳ್ಳುಗಳನ್ನು ಲೋಕ ಪತಿಭಕ್ತಿಯೆಂದು ಮೆಚ್ಚಿಕೊಳ್ಳುತ್ತದೆ. ಆದರೆ 'ಅವರಿಗೆ ಜ್ವರ' ಎಂಬ ಒಂದು ಫೋನ್ ಕರೆ, ಕುಡಿತದ ಪರಿಣಾಮ ಕುಡಿದವರನ್ನು ಮುಟ್ಟದಂತೆ ತಡೆಯುತ್ತದೆ. ಮುಟ್ಟದ ಪರಿಣಾಮದಿಂದ ಯಾರೂ ಏನೂ ಕಲಿಯುವುದಿಲ್ಲ. ಹಾಗೆಂದು ಇದು ಶಿಕ್ಷೆಯಲ್ಲ, ನಾನು ಅದನ್ನು ಹೇಳಿದಾಗ ನನ್ನ ದನಿಯಲ್ಲಿ ಬೆದರಿಕೆಯೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಯಿತು, ಅದು ನನ್ನ ಜವಾಬ್ದಾರಿಯೇ' ಎಂದರು.

ಮನಶ್ಶಾಸ್ತ್ರಜ್ಞ ರಾಬರ್ಟ್ ಮೇಯರ್ಸ್ ರೂಪಿಸಿದ ಕ್ರಾಫ್ಟ್ ಎಂಬ ಪದ್ಧತಿಯಲ್ಲಿ ಕುಟುಂಬದವರಿಗೆ ಕಲಿಸುವುದು ಬಹುಮಟ್ಟಿಗೆ ಇದನ್ನೇ: ಕುಡಿಯದ ಹೊತ್ತಿನಲ್ಲಿ ಜೊತೆಗಿರು, ಆ ಹೊತ್ತನ್ನು ಹಿತವಾಗಿಸು, ಕುಡಿದ ಹೊತ್ತಿನಲ್ಲಿ ಜಗಳವಾಡದೆ ದೂರ ಸರಿ, ಕುಡಿತದ ಸಹಜ ಪರಿಣಾಮಗಳಿಗೆ ಅಡ್ಡ ನಿಲ್ಲಬೇಡ. 1999ರಲ್ಲಿ ಪ್ರಕಟವಾದ, 130 ಕುಟುಂಬ ಸದಸ್ಯರನ್ನು ಒಳಗೊಂಡ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಒಪ್ಪದೆ ಕುಳಿತವರನ್ನು ಚಿಕಿತ್ಸೆಗೆ ಕರೆತರುವುದರಲ್ಲಿ ಈ ಪದ್ಧತಿ ಶೇ. 64ರಷ್ಟು ಪ್ರಕರಣಗಳಲ್ಲಿ ಫಲ ಕೊಟ್ಟಿತು. ಎಲ್ಲರೂ ಸೇರಿ ಎದುರು ಕೂರಿಸಿ ತಪ್ಪು ಎತ್ತಿ ತೋರಿಸುವ ವಿಧಾನ ಫಲ ಕೊಟ್ಟದ್ದು ಶೇ. 30ರಲ್ಲಿ. ಮನೆಯ ಹಿರಿಯರನ್ನೆಲ್ಲ ಸೇರಿಸಿ ಬುದ್ಧಿ ಹೇಳಿಸೋಣವೆಂದು ಸಲಹೆ ಕೊಟ್ಟವರಿಗೆ ನಾನು ಈ ಅಂಕಿಗಳನ್ನು ಹೇಳಿದ್ದುಂಟು. ಅವರು ಒಪ್ಪಲಿಲ್ಲ, ಬುದ್ಧಿ ಹೇಳುವುದರಲ್ಲಿರುವ ಸುಖವೇ ಅಂಥದ್ದು.

ಇನ್ನು ಕಾವಲಿನ ವಿಷಯ. ಮರಳಿ ದುಡಿಯಲು ಹೊರಟ ಗಂಡ ಸಂಜೆ ಬಾಗಿಲು ತೆರೆದು ಒಳಗೆ ಬಂದಾಗ ಹೆಂಡತಿಯ ಮೂಗು ತಾನಾಗಿಯೇ ಚುರುಕಾಗುತ್ತದೆ. ಕಣ್ಣು ಕೆಂಪಾಗಿದೆಯೇ, ನಡಿಗೆ ಹೇಗಿದೆ, ಚೀಲ ಯಾಕೆ ಭಾರವಾಗಿದೆ ಎಂದು ಮನಸ್ಸು ತನಿಖೆ ನಡೆಸುತ್ತದೆ. ಇದರಿಂದ ಆಗುವ ಕೆಡುಕು ಎರಡು ಬಗೆಯದು: ಕುಡಿಯದೆ ಬಂದವರಿಗೆ ಅವಮಾನ, ಕುಡಿದು ಬಂದವರಿಗೆ ಮರೆಮಾಚುವ ತರಬೇತಿ. ನಮ್ಮ ಆಪ್ತಸಮಾಲೋಚಕಿ ಇದಕ್ಕೆ ಪರಿಹಾರವಾಗಿ ದಂಪತಿಗಳ ಚಿಕಿತ್ಸೆಯಲ್ಲಿ ಬಳಸುವ ಒಂದು ಸರಳ ಕ್ರಮವನ್ನು ಹೇಳಿಕೊಟ್ಟರು. ತಿಮೋತಿ ಓ'ಫ್ಯಾರೆಲ್ ಮತ್ತು ಅವರ ಸಹೋದ್ಯೋಗಿಗಳು ಬೆಳೆಸಿದ ಪದ್ಧತಿ ಅದು. ಪ್ರತಿದಿನ ಗೊತ್ತಾದ ಹೊತ್ತಿನಲ್ಲಿ ಇಬ್ಬರೂ ಎದುರು ಕುಳಿತು, ಕುಡಿತ ಬಿಟ್ಟವರು 'ಇಂದು ನಾನು ಕುಡಿಯುವುದಿಲ್ಲ' ಎಂದು ಹೇಳಬೇಕು, ಸಂಗಾತಿ ಧನ್ಯವಾದ ಹೇಳಬೇಕು. ವೈದ್ಯರು ಬರೆದ ಮಾತ್ರೆಯಿದ್ದರೆ ಅದನ್ನು ಆ ಹೊತ್ತಿನಲ್ಲೇ ಸಂಗಾತಿಯ ಎದುರು ನುಂಗಬೇಕು. ಹಿಂದೆ ಕುಡಿದದ್ದರ ಮಾತಾಗಲಿ, ಮುಂದೆ ಕುಡಿದೀತೆಂಬ ಭಯದ ಮಾತಾಗಲಿ ಆ ಹೊತ್ತಿನಲ್ಲೂ ಬೇಡ, ದಿನದ ಬೇರೆ ಹೊತ್ತಿನಲ್ಲೂ ಬೇಡ. ಅಂಥದ್ದೇನಿದ್ದರೂ ಸಮಾಲೋಚಕರ ಕೋಣೆಗೆ ಮೀಸಲು. ಮೊದಮೊದಲು ನಮಗೆ ಇದು ಶಾಲಾಮಕ್ಕಳ ನಾಟಕದಂತೆ ಕಂಡು ನಗು ಬಂದಿತ್ತು. ಎರಡನೆಯ ಭಾಗ ಎಷ್ಟು ಕಠಿಣವೆಂಬುದು ಆಮೇಲೆ ತಿಳಿಯಿತು: ವರ್ಷಗಳ ಕೋಪವನ್ನು ವಾರಕ್ಕೊಮ್ಮೆ ಬರುವ ಒಂದು ಗಂಟೆಗಾಗಿ ಕಾಯಿಸಿಡುವುದು ಸುಲಭವಲ್ಲ.

ಮಾತ್ರೆಗಳ ಬಗ್ಗೆಯೂ ಹೇಳಬೇಕು. ಡೈಸಲ್ಫಿರಾಮ್ ಎಂಬ ಮಾತ್ರೆ ಕುಡಿತದ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಮದ್ಯ ದೇಹದಲ್ಲಿ ಕರಗುವ ದಾರಿಯನ್ನು ನಡುವೆ ತಡೆದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಶೇಖರವಾಗುವಂತೆ ಮಾಡುತ್ತದೆ. ಮಾತ್ರೆ ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಈ ಗುಣ ದೇಹದಲ್ಲಿ ಉಳಿದಿರಬಹುದು. ಇದನ್ನು ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಉಪಾಯವನ್ನು ನನಗೂ ಕೆಲವರು ಸೂಚಿಸಿದ್ದರು. ಅದು ಚಿಕಿತ್ಸೆಯಲ್ಲ, ವಿಷವಿಕ್ಕುವುದಕ್ಕೆ ಸಮೀಪದ ಕೆಲಸ. ನನ್ನ ಪತಿಗೆ ವೈದ್ಯರು ಬರೆದದ್ದು ನಾಲ್ಟ್ರೆಕ್ಸೋನ್. ಕುಡಿದಾಗ ಸಿಗುವ ಸುಖವನ್ನು ಮಂದಗೊಳಿಸುವ ಈ ಔಷಧಿ ಅಮೆರಿಕದಲ್ಲಿ ಮದ್ಯವ್ಯಸನಕ್ಕೆಂದು 1994ರಲ್ಲಿ ಮಂಜೂರಾಯಿತು. ಯಾರಿಗೆ ಯಾವುದು ಎಂಬುದನ್ನು ಯಕೃತ್ತಿನ ಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು.

ಕಾವಲಿನ ಕೆಲಸವನ್ನು ನನ್ನಿಂದ ಪೂರ್ತಿಯಾಗಿ ಬಿಡಿಸಿದ್ದು ರಕ್ತಪರೀಕ್ಷೆ. ಪೆತ್ ಎಂದು ಕರೆಯುವ ಒಂದು ಪರೀಕ್ಷೆ ಇದೆ; ಹಿಂದಿನ ಎರಡರಿಂದ ನಾಲ್ಕು ವಾರಗಳಲ್ಲಿ ಕುಡಿದಿದ್ದರೆ ಅದರ ಗುರುತು ರಕ್ತದಲ್ಲಿ ಸಿಗುತ್ತದೆ. ಈ ಪರೀಕ್ಷೆಗೆ ತಾವೇ ಒಪ್ಪಿಕೊಳ್ಳುತ್ತೇನೆಂದು ನನ್ನ ಪತಿ ವೈದ್ಯರಿಗೆ ಹೇಳಿದರು. ಫಲಿತಾಂಶ ಬರುವುದು ವೈದ್ಯರಿಗೆ, ನನಗಲ್ಲ. ಹೀಗೆ ಅನುಮಾನಿಸುವ ಕರ್ತವ್ಯವನ್ನು ಪ್ರಯೋಗಾಲಯಕ್ಕೆ ಒಪ್ಪಿಸಿ ನಾನು ಹೆಂಡತಿಯ ಜಾಗಕ್ಕೆ ಮರಳಿದೆ. ಜವಾಬ್ದಾರಿಯ ವೃತ್ತಿಗಳಲ್ಲಿ ಇಂಥ ವ್ಯವಸ್ಥೆ ಹೊಸದೇನಲ್ಲ. ಅಮೆರಿಕದ 16 ರಾಜ್ಯಗಳಲ್ಲಿ ಮದ್ಯ ಅಥವಾ ಮಾದಕ ವಸ್ತುಗಳ ವ್ಯಸನಕ್ಕಾಗಿ ನಿಗಾದಲ್ಲಿದ್ದ 904 ವೈದ್ಯರ ಕುರಿತ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರದ ಮಾಹಿತಿ ಸಿಕ್ಕವರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಮಂದಿ ಪರವಾನಗಿ ಉಳಿಸಿಕೊಂಡು ವೃತ್ತಿಯಲ್ಲಿದ್ದರು. ಅಲ್ಲಿ ಚಿಕಿತ್ಸೆಯ ಜೊತೆಗೆ ಅನಿರೀಕ್ಷಿತ ಪರೀಕ್ಷೆಗಳೂ ದೀರ್ಘಕಾಲದ ನಿಗಾ ಕೂಡ ಇದ್ದವು. ವೈದ್ಯರಿಗೆ ಕಳೆದುಕೊಳ್ಳಲು ಪರವಾನಗಿ ಇರುತ್ತದೆ, ಎಲ್ಲರಿಗೂ ಅಂಥದ್ದಿರುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಮರಳುವುದು ಅಸಾಧ್ಯವೆಂದು ತಲೆಯಾಡಿಸುವವರಿಗೆ ಈ ಅಧ್ಯಯನ ಒಂದು ಉತ್ತರ.

ನಾವು ಹೆದರಿದ್ದು ಸೋಲಿಗೆ. ಅಪಾಯ ಬಂದದ್ದು ಗೆಲುವಿನ ದಿನ. ಅವರು ಪರಿಶೀಲಿಸುತ್ತಿದ್ದ ಒಂದು ದೊಡ್ಡ ವಿನ್ಯಾಸದಲ್ಲಿ ಯಾರ ಕಣ್ಣಿಗೂ ಬೀಳದ ದೋಷವೊಂದನ್ನು ಹಿಡಿದು, ಸಂಸ್ಥೆಯನ್ನು ನಷ್ಟದಿಂದ ಉಳಿಸಿದರು. ಎಲ್ಲರೂ ಕೊಂಡಾಡಿದರು, ಸಂಜೆ ಪಾರ್ಟಿ ಏರ್ಪಾಡಾಯಿತು. ವಿಷಯ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರು ಪ್ರೀತಿಯಿಂದಲೇ ಗ್ಲಾಸು ಕೈಗಿತ್ತರು. ಅವರು ಕುಡಿದರು. ದುಃಖ, ಜಗಳ, ಗೆಳೆಯರ ಒತ್ತಾಯ ಈ ಮೂರೂ ಕುಡಿತಕ್ಕೆ ಮರಳಿಸುವ ಮುಖ್ಯ ಸಂದರ್ಭಗಳೆಂದು ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ತೋರಿಸಿಕೊಟ್ಟಿದ್ದಾರೆ. ಸಂತೋಷದ ಗಳಿಗೆಗೂ ಅವರ ಪಟ್ಟಿಯಲ್ಲಿ ಜಾಗವಿದೆ. ಮಾರ್ಲಟ್ ಇನ್ನೊಂದು ವಿಷಯವನ್ನೂ ಗುರುತಿಸಿದ್ದರು: ಒಂದು ಗ್ಲಾಸು ಕುಡಿದ ಮೇಲೆ 'ಎಲ್ಲವೂ ಮುಗಿಯಿತು, ನನ್ನಿಂದ ಆಗದು' ಎಂಬ ಅಪರಾಧಭಾವವೇ ಮುಂದಿನ ಗ್ಲಾಸುಗಳನ್ನು ಕುಡಿಸುತ್ತದೆ. ನಮ್ಮ ಬಳಿ ಇದಕ್ಕಾಗಿಯೇ ಬರೆದಿಟ್ಟ ಕಾಗದವಿತ್ತು. ಕುಡಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಆ ರಾತ್ರಿ ಎಲ್ಲಿ ಮಲಗಬೇಕು, ಮರುದಿನ ವೈದ್ಯರನ್ನು ಎಷ್ಟು ಹೊತ್ತಿಗೆ ಕಾಣಬೇಕು ಎಂದು, ಇಬ್ಬರ ತಲೆಯೂ ತಣ್ಣಗಿದ್ದಾಗ ಬರೆದದ್ದು. ಅವರು ಪಾರ್ಟಿಯಿಂದ ಹೊರಗೆ ಬಂದು ತಮ್ಮ ಎಎ ಗುಂಪಿನ ಹಿರಿಯರಿಗೆ ಫೋನ್ ಮಾಡಿದರು. ನನಗೆ ಹೇಳಿದ್ದು ಮರುದಿನ ಬೆಳಿಗ್ಗೆ, ವೈದ್ಯರ ಬಳಿಗೆ ಹೊರಡುವ ಮೊದಲು. ಕೆಲಸಕ್ಕೆ ಅದರಿಂದ ಏನೂ ಆಗಲಿಲ್ಲ. ಕಚೇರಿಯಲ್ಲಿ ಅವರು ಆ ವಾರವೆಲ್ಲ ಹೊಗಳಿಸಿಕೊಳ್ಳುತ್ತಲೇ ಇದ್ದರು, ಮನೆಯಲ್ಲಿ ಇಬ್ಬರೂ ನಿದ್ದೆಗೆಟ್ಟಿದ್ದೆವು. ಎರಡು ಲೆಕ್ಕಗಳು ಇಷ್ಟು ಬೇರೆಬೇರೆಯಾಗಿ ಕಣ್ಣೆದುರು ನಿಂತದ್ದು ಆಗಲೇ.

ಸಂಗಾತಿಯ ಬಗ್ಗೆ ಮಾತಾಡುವಾಗ ಲೋಯಿಸ್ ವಿಲ್ಸನ್ ಅವರನ್ನು ಮರೆಯಲಾಗದು. ಗಂಡ ಕುಡಿಯುತ್ತಿದ್ದ ಕಾಲದಲ್ಲಿ ದುಡಿದು ಮನೆ ನಡೆಸಿದವರು ಅವರೇ. ಗಂಡ ಕುಡಿತ ಬಿಟ್ಟು ದಿನವೂ ಸಭೆಗಳಿಗೆ ಓಡತೊಡಗಿದಾಗ, ಒಂದು ದಿನ ಸಿಟ್ಟು ತಡೆಯಲಾರದೆ 'ಹಾಳಾಗಲಿ ನಿಮ್ಮ ಸಭೆಗಳು' ಎಂಬರ್ಥದ ಮಾತಾಡಿ ಬೂಟನ್ನು ಎಸೆದರಂತೆ. ವರ್ಷಗಟ್ಟಲೆ ತನ್ನ ಪ್ರೀತಿಯಿಂದ ಆಗದ್ದು ಅಪರಿಚಿತ ಕುಡುಕರಿಂದ ಆಯಿತಲ್ಲ ಎಂಬ ನೋವು ಅದು. ಆಮೇಲೆ 1951ರಲ್ಲಿ ಅವರೂ ಗೆಳತಿಯೊಬ್ಬರೂ ಸೇರಿ ಕುಡುಕರ ಕುಟುಂಬದವರಿಗಾಗಿ ಅಲ್-ಅನಾನ್ ಸಂಘವನ್ನು ಕಟ್ಟಿದರು. ಅಲ್ಲಿ ಹೇಳುವ ಮಾತು ಪ್ರಸಿದ್ಧವಾಗಿದೆ: ಈ ಕುಡಿತಕ್ಕೆ ಕಾರಣ ನೀನಲ್ಲ, ಇದನ್ನು ಹತೋಟಿಯಲ್ಲಿಡಲು ನಿನ್ನಿಂದಾಗದು, ಇದನ್ನು ಗುಣಪಡಿಸಲೂ ನಿನ್ನಿಂದಾಗದು. ಗಂಡನನ್ನು ಚಿಕಿತ್ಸೆಗೆ ಕರೆತರುವ ಉಪಾಯ ಹುಡುಕಿ ಅಲ್ಲಿಗೆ ಹೋದರೆ ನಿರಾಶೆಯಾಗುತ್ತದೆ. ಅದು ಇರುವುದು ಹೋದವರ ಸಲುವಾಗಿ. ಗಂಡನ ಮರುಪ್ರವೇಶದ ಸಂಭ್ರಮದಲ್ಲಿ 'ನೀನಿದ್ದದ್ದರಿಂದಲೇ ಅವನು ಉಳಿದ' ಎಂದು ನನ್ನನ್ನು ಹೊಗಳಿದವರಿಗೂ ನಾನು ಈ ಮಾತನ್ನೇ ಹೇಳಿದೆ. ಆ ಹೊಗಳಿಕೆಯನ್ನು ಒಪ್ಪಿಕೊಂಡರೆ, ನಾಳೆ ಅವರು ಮತ್ತೆ ಕುಡಿದಾಗ ಬರುವ ಆರೋಪವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ನನ್ನ ಸ್ವಂತ ಉದ್ಯೋಗವನ್ನು ನಾನು ಬಿಡಲಿಲ್ಲ. ಅವರ ಮೊದಲ ಸಂಬಳ ಬಂದಾಗ 'ಇನ್ನು ನೀನು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬಹುದು' ಎಂದು ಅವರು ಮನಃಪೂರ್ವಕವಾಗಿ ಹೇಳಿದ್ದರು. ಮನೆಯ ಖರ್ಚು ಅವರ ಸಂಬಳವನ್ನು ಅವಲಂಬಿಸಿದ ಕ್ಷಣದಿಂದ ಅವರ ಕೆಲಸದ ಒಂದೊಂದು ಏರುಪೇರೂ ನನ್ನ ಮುಖದಲ್ಲಿ ಕಾಣತೊಡಗುತ್ತದೆ, ಆ ಮುಖ ನೋಡಿ ಅವರ ಮೇಲೆ ಒತ್ತಡ ಬೀಳುತ್ತದೆ. ಹಳೆಯ ಸಾಲಗಳನ್ನು ಅವರ ಸಂಬಳದಿಂದ, ಮನೆಯನ್ನು ನನ್ನ ಸಂಬಳದಿಂದ ನಡೆಸುವುದೆಂದು ಒಪ್ಪಂದವಾಯಿತು. ಸಾಲ ತೀರಿಸುವುದರಲ್ಲಿ ಅವರಿಗೊಂದು ತೃಪ್ತಿಯೂ ಸಿಕ್ಕಿತು. ಮಗಳಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅಪ್ಪ ಕೆಲಸಕ್ಕೆ ಹೋಗುತ್ತಿದ್ದಾರೆಂದ ಮಾತ್ರಕ್ಕೆ ಆಕೆ ಅವರನ್ನು ನಂಬಲಿಲ್ಲ, ಶಾಲೆಯ ಕಾರ್ಯಕ್ರಮಕ್ಕೆ ಅಪ್ಪನನ್ನು ಕರೆಯಲು ಬಹಳ ಕಾಲ ಹಿಂಜರಿದಳು. ನಾವು ಒತ್ತಾಯಿಸಲಿಲ್ಲ. ನಂಬಿಕೆ ಎಷ್ಟು ಹೊತ್ತಿಗೆ ಬರಬೇಕೆಂದು ನಿರ್ಧರಿಸುವ ಹಕ್ಕು ಮೋಸಹೋದವರದು, ಮಕ್ಕಳಾದ ಮಾತ್ರಕ್ಕೆ ಆ ಹಕ್ಕು ಕಡಿಮೆಯಾಗುವುದಿಲ್ಲ.

ಈಗ ಸಂಸ್ಥೆ ಅವರಿಗೆ ಸಹಿ ಮಾಡುವ ಅಧಿಕಾರವನ್ನು ಮರಳಿ ಕೊಡಲು ಮುಂದಾಗಿದೆ. ಅದರ ಜೊತೆಗೆ ದೂರದ ನಿರ್ಮಾಣ ಸ್ಥಳಗಳಿಗೆ ಆಗಾಗ ಹೋಗಿ, ಹೋಟೆಲುಗಳಲ್ಲಿ ಒಬ್ಬರೇ ತಂಗಬೇಕಾದ ಕೆಲಸವೂ ಬರುತ್ತದೆ. 'ನೀನೇನು ಹೇಳುತ್ತೀಯ?' ಎಂದು ಕೇಳಿದರು. ಸಹಿಯ ವಿಷಯ ಅವರ ವೃತ್ತಿಗೆ ಸೇರಿದ್ದು, ಅದರಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಒಂಟಿ ರಾತ್ರಿಗಳ ವಿಷಯವನ್ನು ವೈದ್ಯರ ಬಳಿಯೂ ಗುಂಪಿನ ಹಿರಿಯರ ಬಳಿಯೂ ಮೊದಲು ಮಾತಾಡಿ ಎಂದೆ. ಡಾ. ಬಾಬ್ ಅವರ ಸಮ್ಮೇಳನದ ಕಥೆ ಅವರಿಗೂ ಗೊತ್ತಿದೆ. ಸಹಿಯನ್ನು ಒಪ್ಪಿಕೊಂಡು, ಮೊದಲ ಆರು ತಿಂಗಳು ರಾತ್ರಿ ತಂಗುವ ಪ್ರಯಾಣಗಳಿಗೆ ಜೊತೆಗೊಬ್ಬ ಸಹೋದ್ಯೋಗಿಯನ್ನು ಕೇಳುವುದೆಂದು ಅವರು ಕರಡು ಪತ್ರ ಬರೆದಿದ್ದಾರೆ. ಮೇಲಧಿಕಾರಿಯ ಉತ್ತರ ಇನ್ನೂ ಬರಬೇಕಾಗಿದೆ.